‘ಕಾಡುಕುದುರೆ’ ಗೀತೆ ಮತ್ತು ಶಿವಮೊಗ್ಗ ಸುಬ್ಬಣ್ಣ

ಕನ್ನಡ ಸುಗಮ ಸಂಗೀತದ ಚರಿತ್ರೆಯಲ್ಲಿ ಶಿವಮೊಗ್ಗ ಸುಬ್ಬಣ್ಣ (1938–2022) ಅವರ ಹೆಸರು ‘ಕಾಡುಕುದುರೆ’ ಚಲನಚಿತ್ರದ ಶೀರ್ಷಿಕೆ ಗೀತೆಯೊಡನೆ ಬೆಸೆದುಕೊಂಡಿದೆ. ಆ ಗೀತೆಗಾಗಿ 1978ನೆಯ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಅವರಿಗೆ ಸಂದಿತು. ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಕನ್ನಡ ಚಿತ್ರವೊಂದರ ಗಾಯನಕ್ಕೆ ಈ ಪ್ರಶಸ್ತಿ ಅದಕ್ಕೂ ಮುನ್ನ, 1975ನೆಯ ಸಾಲಿನಲ್ಲಿ, ‘ಹಂಸಗೀತೆ’ಗಾಗಿ ಬಂದಿತ್ತು, ಪಡೆದವರು ಆಂಧ್ರ ಮೂಲದ ಎಂ. ಬಾಲಮುರಳೀಕೃಷ್ಣ. ಈ ಗೌರವಕ್ಕೆ ಪಾತ್ರರಾದ ಮೊದಲ ಕನ್ನಡಿಗ ಗಾಯಕರೆಂಬ ಹಿರಿಮೆ ಸುಬ್ಬಣ್ಣನವರದು.

ಹೊಸನಗರ ತಾಲ್ಲೂಕಿನ ನಗರದಲ್ಲಿ ಜನಿಸಿದ ಜಿ. ಸುಬ್ರಹ್ಮಣ್ಯ ವೃತ್ತಿಯಿಂದ ವಕೀಲರು. 1963ರಲ್ಲಿ ಅವರು ಆಕಾಶವಾಣಿಯ ಗಾಯಕರಾದರು. 1965ರಲ್ಲಿ ಭದ್ರಾವತಿಯಲ್ಲಿಯೇ ಆಕಾಶವಾಣಿ ಕೇಂದ್ರ ಆರಂಭವಾಯಿತು. 1923ರಿಂದ ಕಬ್ಬಿಣದ ಕಾರ್ಖಾನೆಗೆ ಹೆಸರಾಗಿದ್ದ ಆ ಪಟ್ಟಣ, ಹೀಗೆ ಮಲೆನಾಡಿನ ಮನೆಮನೆಗೆ ದನಿ ತಲುಪಿಸುವ ನೆಲೆಯೂ ಆಯಿತು. ಕವಿಯ ಮಾತು ಸ್ಪಷ್ಟವಾಗಿ ಕೇಳುವಂತೆ ಹಾಡುವ ಭಾವಗೀತೆಯ ಪರಂಪರೆಗೆ ರೇಡಿಯೊ ಬಹುಮುಖ್ಯ ವೇದಿಕೆಯಾಗಿದ್ದ ಕಾಲವದು. ಸುಬ್ಬಣ್ಣನವರ ಕಂಠ ರೂಪುಗೊಂಡದ್ದು ಈ ಪರಂಪರೆಯಲ್ಲಿಯೇ ಹೊರತು ಚಿತ್ರರಂಗದಲ್ಲಿ ಅಲ್ಲ.

‘ಕಾಡುಕುದುರೆ’ಯ ನಿರ್ದೇಶಕ ಚಂದ್ರಶೇಖರ ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಗೀತೆಯ ಸಾಹಿತ್ಯ, ಸಂಗೀತ ಎರಡೂ ಅವರವೇ. ಉತ್ತರ ಕರ್ನಾಟಕದ ಜಾನಪದ ಲಯದಲ್ಲಿ ಹುಟ್ಟಿದ ರಚನೆಯೊಂದು ಮಲೆನಾಡಿನ ಗಾಯಕನ ಕಂಠದಲ್ಲಿ ನಾಡಿನ ಹಾಡಾದುದು ಗಮನಾರ್ಹ. ನುಡಿಗೆ ಒತ್ತುಕೊಡುವ ಸುಗಮ ಸಂಗೀತದ ಶಿಸ್ತು, ಜಾನಪದದ ವೇಗವನ್ನು ಮೊಂಡಾಗಿಸದೆ ಅದರೊಡನೆ ಹೊಂದಿಕೊಂಡುದರಲ್ಲಿ ಈ ಗೀತೆಯ ಯಶಸ್ಸಿನ ಮೂಲವನ್ನು ಕಾಣಬಹುದು.

ಈ ಪ್ರಶಸ್ತಿಯ ಮಹತ್ತ್ವ ಅದರ ಹಿಂದುಮುಂದಿನ ಸಾಲುಗಳನ್ನು ನೋಡಿದಾಗ ಇನ್ನಷ್ಟು ಸ್ಪಷ್ಟವಾಗುತ್ತದೆ. 1977ನೆಯ ಸಾಲಿನಲ್ಲಿ ಮೊಹಮ್ಮದ್ ರಫಿ, 1979ನೆಯ ಸಾಲಿನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅದನ್ನು ಪಡೆದರು. ಸಾವಿರಾರು ಚಿತ್ರಗೀತೆಗಳನ್ನು ಹಾಡಿದ ಈ ಇಬ್ಬರು ವೃತ್ತಿಗಾಯಕರ ನಡುವೆ ನಿಂತವರು ಚಿತ್ರಗಾಯನವನ್ನು ಜೀವನೋಪಾಯವಾಗಿಸಿಕೊಳ್ಳದ ಒಬ್ಬ ವಕೀಲರು.

ಖ್ಯಾತಿಯ ನಂತರವೂ ಸುಬ್ಬಣ್ಣನವರ ಮುಖ್ಯ ಕ್ಷೇತ್ರ ಕವಿಗೀತೆಗಳ ಗಾಯನವೇ ಆಗಿ ಉಳಿಯಿತು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿ ಅವರನ್ನು ಗೌರವಿಸಿತು. 2022ರ ಆಗಸ್ಟ್ 11ರಂದು ಅವರು ನಿಧನರಾದರು. ಒಂದು ಚಿತ್ರಗೀತೆ ಅವರಿಗೆ ಕೀರ್ತಿ ತಂದಿತೆಂಬುದು ನಿಜ; ಆದರೆ ಆ ಗೀತೆಯ ಹಿಂದೆ ಹದಿನೈದು ವರ್ಷಗಳ ರೇಡಿಯೊ ಗಾಯನದ ಸಾಧನೆಯಿತ್ತು. ‘ಕಾಡುಕುದುರೆ’ಯ ಯಶಸ್ಸನ್ನು ಚಲನಚಿತ್ರದ ಇತಿಹಾಸದಲ್ಲಿ ಮಾತ್ರವಲ್ಲದೆ ಸುಗಮ ಸಂಗೀತದ ಇತಿಹಾಸದಲ್ಲಿಯೂ ದಾಖಲಿಸಬೇಕಾದುದು ಈ ಕಾರಣಕ್ಕಾಗಿ.