ವಿಕ್ರಾಂತನ ವೇಷ ಹಾಕಿದ ರಜಪೂತ್

ನಾಗಲಗಿದ್ದ, ನಾರಾಯಣಖೇಡ, ಜಹೀರಾಬಾದ್ ಕಡೆಯ ನಮಗೆ ದೊಡ್ಡ ನೀರೆಂದರೆ ಮಂಜೀರಾ ನದಿ. ಸಮುದ್ರ ಬಹು ದೂರ. ಆದರೆ 1971ರಲ್ಲಿ ನಮ್ಮ ಸೀಮೆಯೂ ಕಡಲತೀರದ ವಿಶಾಖಪಟ್ಟಣವೂ ಒಂದೇ ಆಂಧ್ರಪ್ರದೇಶದಲ್ಲಿದ್ದವು. ಆ ವರ್ಷ ಆ ಬಂದರಿನಿಂದ ಯುದ್ಧಕ್ಕೆ ಹೊರಟ ಒಂದು ಮುದಿ ಹಡಗಿನ ಚರಿತ್ರೆಯೇ ಇಂದಿನ ವಿಷಯ.

ಹಡಗಿನ ಹೆಸರು ಐ.ಎನ್.ಎಸ್. ರಜಪೂತ್. ಇದು ಡೆಸ್ಟ್ರಾಯರ್, ಅಂದರೆ ವಿಧ್ವಂಸಕ ನೌಕೆ. ದೊಡ್ಡ ಹಡಗುಗಳಿಗೆ ಕಾವಲಾಗಿರುವುದು, ನೀರೊಳಗೆ ಅಡಗಿ ಬರುವ ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವುದು ಇಂಥ ನೌಕೆಯ ಕೆಲಸ. 1942ರಲ್ಲಿ ಸ್ಕಾಟ್ಲೆಂಡಿನಲ್ಲಿ ತಯಾರಾದ ಇದು ಎರಡನೆಯ ಮಹಾಯುದ್ಧದಲ್ಲಿ ರಾದರ್‌ಹ್ಯಾಮ್ ಎಂಬ ಹೆಸರಿನಿಂದ ಬ್ರಿಟಿಷ್ ನೌಕಾಪಡೆಯಲ್ಲಿ ದುಡಿಯಿತು. 1949ರಲ್ಲಿ ಭಾರತದ ಪಾಲಿಗೆ ಬಂತು.

1971ರಲ್ಲಿ ನಮ್ಮ ಏಕೈಕ ವಿಮಾನವಾಹಕ ನೌಕೆ ವಿಕ್ರಾಂತ್. ಅದನ್ನು ಮುಳುಗಿಸಲು ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ನವೆಂಬರ್ 14ರಂದು ಕರಾಚಿಯಿಂದ ಹೊರಟಿತು. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ವಿಕ್ರಾಂತನ್ನು ಅಂಡಮಾನಿನಲ್ಲಿ ಬಚ್ಚಿಟ್ಟು, ರಜಪೂತ್‌ಗೆ ವಿಕ್ರಾಂತನ ವೇಷ ಹಾಕಿಸಿದರು. ಈ ವೇಷಕ್ಕೆ ಬಣ್ಣ ಬೇಕಿರಲಿಲ್ಲ, ರೇಡಿಯೋ ಸಾಕಾಯಿತು. ಸಮುದ್ರಕ್ಕೆ ಹೋದ ರಜಪೂತ್, ದೊಡ್ಡ ಹಡಗು ಕಳಿಸುವಂತೆ ಸಂದೇಶದ ಮೇಲೆ ಸಂದೇಶ ಕಳಿಸಿತು. ವಿಕ್ರಾಂತನ ನಾವಿಕನೊಬ್ಬ ಕಾಯಿಲೆ ಬಿದ್ದ ತಾಯಿಯ ಯೋಗಕ್ಷೇಮ ಕೇಳುವಂಥ ಒಂದು ಖಾಸಗಿ ತಂತಿಯೂ ಬೇಕೆಂದೇ ಗುಟ್ಟಿಲ್ಲದೆ ಹೋಯಿತು. ಇತ್ತ ವಿಶಾಖಪಟ್ಟಣದ ಗುತ್ತಿಗೆದಾರರಿಗೆ ಮಾಂಸ, ತರಕಾರಿಗೆ ಭಾರಿ ಬೇಡಿಕೆ ಕೊಡಲಾಯಿತು. ಸುದ್ದಿ ಪೇಟೆಯಲ್ಲೆಲ್ಲ ಹಬ್ಬಲಿ ಎಂಬುದೇ ಉದ್ದೇಶ.

ಡಿಸೆಂಬರ್ 3ರ ಸಂಜೆ ಯುದ್ಧ ಆರಂಭವಾಯಿತು. ಅಂದು ನಡುರಾತ್ರಿಗೆ ಸ್ವಲ್ಪ ಮುಂಚೆ ಕಮಾಂಡರ್ ಇಂದರ್ ಸಿಂಗ್ ಅವರ ನೇತೃತ್ವದಲ್ಲಿ ರಜಪೂತ್ ಕತ್ತಲಲ್ಲೇ ಬಂದರು ಬಿಟ್ಟಿತು. ಕಾವಲಿನವನಿಗೆ ಮುಂದೆ ನೀರು ಕದಡಿದಂತೆ ಕಂಡಿತು. ಒಡನೆಯೇ ಆಳದಲ್ಲಿ ಸಿಡಿಯುವ ಎರಡು ಡೆಪ್ತ್ ಚಾರ್ಜ್‌ಗಳನ್ನು ಎಸೆಯಲಾಯಿತು. ಬಳಿಕ ನೀರ ಮೇಲೆ ಏನೂ ಕಾಣದ ಕಾರಣ ಹಡಗು ತನ್ನ ದಾರಿ ಹಿಡಿಯಿತು. ಸ್ವಲ್ಪ ಹೊತ್ತಿಗೆ ಕೇಳಿದ ಸಿಡಿತ ದಡದ ಮನೆಗಳ ಕಿಟಕಿಗಳನ್ನು ನಡುಗಿಸಿತು. ಬೆಳಗಾದ ಮೇಲೆ ಮೀನುಗಾರರಿಗೆ ತೇಲುವ ವಸ್ತುಗಳು ಸಿಕ್ಕವು. ಘಾಜಿ 90ಕ್ಕೂ ಹೆಚ್ಚು ಮಂದಿಯೊಡನೆ ತಳ ಸೇರಿತ್ತು. ಒಬ್ಬರೂ ಉಳಿಯಲಿಲ್ಲ.

ಘಾಜಿಯನ್ನು ಮುಳುಗಿಸಿದ್ದು ರಜಪೂತ್ ಎಂಬುದು ಭಾರತದ ನಿಲುವು. ಒಳಗಿನ ಸ್ಫೋಟ ಇಲ್ಲವೆ ತನ್ನದೇ ಸಿಡಿಗುಂಡು ಕಾರಣ ಎಂಬುದು ಪಾಕಿಸ್ತಾನದ ವಾದ. ಈ ವಿವಾದ ಇನ್ನೂ ತೀರಿಲ್ಲ. ಆದರೆ ಒಂದು ಮಾತು ಮಾತ್ರ ನಿಸ್ಸಂದೇಹ. ಘಾಜಿ ವಿಶಾಖಪಟ್ಟಣದ ಬಾಗಿಲಲ್ಲಿ ಕಾದಿದ್ದಾಗ ವಿಕ್ರಾಂತ್ ಅಲ್ಲಿರಲಿಲ್ಲ. ಡಿಸೆಂಬರ್ 4ರಂದೇ ವಿಕ್ರಾಂತನ ವಿಮಾನಗಳು ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರಿನ ಮೇಲೆ ಹಾರಿದವು. ಡಿಸೆಂಬರ್ 16ರಂದು ಢಾಕಾ ಶರಣಾಯಿತು.

ರಜಪೂತ್ 1976ರಲ್ಲಿ ನಿವೃತ್ತವಾಯಿತು. ಸೋವಿಯತ್ ದೇಶದಿಂದ ತಂದ ಹೊಸ ಡೆಸ್ಟ್ರಾಯರ್ ಅದೇ ಹೆಸರು ಹೊತ್ತು 1980ರಿಂದ 2021ರವರೆಗೆ ಸೇವೆ ಸಲ್ಲಿಸಿತು. ಹಳೆಯ ಹಡಗಿನ ದೊಡ್ಡ ಕೆಲಸ ಫಿರಂಗಿಯಿಂದ ಆದದ್ದಲ್ಲ, ನೀವು ಈಗ ಕೇಳುತ್ತಿರುವಂಥ ಗಾಳಿಯ ಮಾತಿನಿಂದ ಆದದ್ದು. ವಿಶಾಖಪಟ್ಟಣಕ್ಕೆ ಹೋದವರು ರಾಮಕೃಷ್ಣ ಬೀಚಿನ ಯುದ್ಧಸ್ಮಾರಕದ ಮುಂದೆ ಒಂದು ಗಳಿಗೆ ನಿಂತು ಬನ್ನಿ.