ಗೋವೆಯ ಅಚ್ಚುಕೂಟವೂ ಸಂವಹನ ವಿದ್ಯೆಯೂ

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಗಡಿಭಾಗದ ನಮ್ಮಂಥ ಉಪಾಧ್ಯಾಯರ ಮುಂದೆ ವರ್ಷವರ್ಷವೂ ಬರುವ ಪ್ರಶ್ನೆ ಒಂದೇ: ಮಕ್ಕಳನ್ನು ಮುಂದೆ ಏನು ಓದಿಸಬೇಕು? ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳು, ವಾಸ್ಕೋದಲ್ಲಿ ದುಡಿಯುತ್ತಿದ್ದ ತಂದೆಯೊಡನೆ ಬಂದು, ಮುಂದೆ ಕಾಲೇಜಿನಲ್ಲಿ ಸಂವಹನವನ್ನೇ ಪ್ರಧಾನ ವಿಷಯವಾಗಿ ಓದಬೇಕೆಂಬ ಆಸೆಯನ್ನು ತಿಳಿಸಿದಳು. ತಂದೆ, "ಮಾತಾಡೂದು ಕಲಿಯಾಕ ಕಾಲೇಜ್ ಯಾಕ್ ಬೇಕ್ರೀ ಸರ?" ಎಂದನು. ಹುಡುಗಿ ಮೆಲ್ಲಗೆ, "ಅಲ್ಲಿ ಪೇಪರಿನ್ಯಾಗ ನಮ್ಮ ಓಣಿ ಸುದ್ದಿ ಬರೂದಿಲ್ರೀ" ಎಂದಳು. ನಾವು ಆ ಮಾತಿನ ತೂಕವನ್ನು ಅರಿಯದೆ ನಕ್ಕು, ವಾಣಿಜ್ಯ ಓದೆಂದು ಬುದ್ಧಿ ಹೇಳಿ ಕಳುಹಿಸಿದೆವು. ಅವಳು ಹಾಗೆಯೇ ಮಾಡಿದಳು. ಆ ಸಲಹೆ ಸರಿಯೇ ಎಂಬ ಶಂಕೆ ನಮಗೆ ಹುಟ್ಟಿದುದು ಗೋವೆಯ ಚರಿತ್ರೆಯನ್ನು ಓದುವಾಗ.

ಭರತಖಂಡಕ್ಕೆ ಮೊದಲ ಅಚ್ಚುಯಂತ್ರ ಬಂದುದು ಗೋವೆಗೆ, ೧೫೫೬ರಲ್ಲಿ. ಅದು ನಮಗಾಗಿ ಬಂದುದಲ್ಲ. ಅಬಿಸೀನಿಯಕ್ಕೆ ಹೊರಟಿದ್ದ ಜೆಸುಯಿಟ್ ಪಾದ್ರಿಗಳ ಸಾಮಾನಿನೊಡನೆ ಬಂದ ಯಂತ್ರವು ಮುಂದಿನ ಪ್ರಯಾಣ ಸಾಗದೆ ಇಲ್ಲಿಯೇ ಉಳಿಯಿತು. ಅದು ನೆಲೆಗೊಂಡುದು ಸಂತ ಪಾವ್ಲನ ಕಾಲೇಜಿನಲ್ಲಿ. ಹುವಾನ್ ದ ಬುಸ್ತಮಾಂತೆ ಎಂಬಾತ ಅದರ ಮುದ್ರಕ. ಅವನು ಮೊದಲು ಅಚ್ಚು ಹಾಕಿದುದು ಆ ಕಾಲೇಜಿನ ವಿದ್ಯಾರ್ಥಿಗಳು ಬಹಿರಂಗ ವಾದದಲ್ಲಿ ಸಮರ್ಥಿಸಬೇಕಾಗಿದ್ದ ಪ್ರಮೇಯಗಳನ್ನು! ಎಂದರೆ, ನಮ್ಮ ದೇಶದಲ್ಲಿ ಮುದ್ರಣವು ಹುಟ್ಟಿದುದೇ ಕಾಲೇಜಿನ ಅಂಗಳದಲ್ಲಿ, ವಿದ್ಯಾರ್ಥಿಗಳ ಮಾತಿಗಾಗಿ. ಸಂವಹನಕ್ಕೂ ಕಾಲೇಜಿಗೂ ಏನು ಸಂಬಂಧವೆಂದು ಕೇಳುವವರಿಗೆ ಇದೊಂದೇ ಉತ್ತರ ಸಾಲದೆ?

ಮರುವರ್ಷ, ೧೫೫೭ರಲ್ಲಿ, ಫ್ರಾನ್ಸಿಸ್ ಝೇವಿಯರ್ ರಚಿಸಿದ್ದ ಕ್ರೈಸ್ತ ಪ್ರಶ್ನೋತ್ತರವು ಅಚ್ಚಾಯಿತು. ೧೫೬೩ರಲ್ಲಿ ವೈದ್ಯ ಗಾರ್ಸಿಯ ದ ಓರ್ತ ನಮ್ಮ ದೇಶದ ಮೂಲಿಕೆಗಳ ವಿಷಯವಾಗಿ ಬರೆದ ಸಂವಾದಗ್ರಂಥವೂ ಗೋವೆಯಲ್ಲಿಯೇ ಹೊರಬಂದಿತು. ಆದರೆ ಇವೆಲ್ಲ ಯಾರ ಭಾಷೆಯಲ್ಲಿ? ಆಳುವವರ ಭಾಷೆಯಲ್ಲಿ. ೧೫೭೮ರಲ್ಲಿ ಕೊಲ್ಲಂನಲ್ಲಿ ತಮಿಳು ಪುಸ್ತಕವೊಂದು ತಮಿಳು ಅಕ್ಷರಗಳಲ್ಲಿಯೇ ಅಚ್ಚಾಯಿತು. ಗೋವೆಯಲ್ಲಿ ಜನರ ಲಿಪಿಗೆ ಆ ಭಾಗ್ಯ ಬರಲಿಲ್ಲ. ಇಂಗ್ಲೆಂಡಿನಿಂದ ಬಂದ ಥಾಮಸ್ ಸ್ಟೀಫನ್ಸ್ ಪಾದ್ರಿಯು ಇಲ್ಲಿಯ ಅಕ್ಷರಗಳಲ್ಲಿ ಮುದ್ರಿಸಬೇಕೆಂದು ೧೬೦೮ರಲ್ಲಿ ತನ್ನ ಮೇಲಿನವರಿಗೆ ಬರೆದುಕೊಂಡನು. ಫಲ ದೊರೆಯಲಿಲ್ಲ. ಅವನ ಮರಾಠಿ ಕಾವ್ಯ ಕ್ರಿಸ್ತಪುರಾಣವು ೧೬೧೬ರಲ್ಲಿ ರಾಯತೂರಿನಲ್ಲಿ ರೋಮನ್ ಲಿಪಿಯಲ್ಲಿಯೇ ಅಚ್ಚಾಗಬೇಕಾಯಿತು. ಅವನ ಕೊಂಕಣಿ ವ್ಯಾಕರಣವು, ಅವನು ತೀರಿಕೊಂಡ ಮೇಲೆ, ೧೬೪೦ರಲ್ಲಿ ಹೊರಬಂದಿತು. ಅದರ ಹೆಸರಿನಲ್ಲಿ 'ಕಾನರಿಂ' ಎಂಬ ಮಾತಿದೆ. ಅದನ್ನು ಕಂಡು ಕನ್ನಡಿಗರಾದ ನಾವು ಹಿಗ್ಗಬೇಕಾದುದಿಲ್ಲ. ಪೋರ್ತುಗೀಜರು ಕೊಂಕಣಿಯನ್ನೇ ಹಾಗೆ ಕರೆಯುತ್ತಿದ್ದರು.

೧೬೮೪ರಲ್ಲಿ ವೈಸರಾಯನು ನಾಡವರು ಕೊಂಕಣಿಯನ್ನು ತೊರೆದು ಪೋರ್ತುಗೀಜನ್ನೇ ಬಳಸಬೇಕೆಂದು ಆಜ್ಞೆ ಹೊರಡಿಸಿದನು. ಅಷ್ಟರಲ್ಲಿ ಅಚ್ಚುಕೂಟವೂ ಮೌನ ತಾಳಿತ್ತು. ಮತ್ತೆ ಮುದ್ರಣ ತಲೆಯೆತ್ತಿದುದು ೧೮೨೧ರಲ್ಲಿ, 'ಗಝೇತ ದ ಗೋವ' ಎಂಬ ಸರಕಾರಿ ವಾರಪತ್ರಿಕೆಯೊಡನೆ. ಇತ್ತ ನಮ್ಮ ಕರಾವಳಿಯಲ್ಲಿ ೧೮೪೩ರಲ್ಲಿ ಹೆರ್ಮನ್ ಮೊಗ್ಲಿಂಗನು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಗೋವೆಗೆ ಯಂತ್ರ ಬಂದ ೨೮೭ ವರ್ಷಗಳ ಮೇಲೆ ಕನ್ನಡಕ್ಕೆ ಮೊದಲ ಪತ್ರಿಕೆ! ಯಂತ್ರ ಹತ್ತಿರವಿದ್ದ ಮಾತ್ರಕ್ಕೆ ಜನಕ್ಕೆ ಬಾಯಿ ಬರುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವುಂಟು. ಅದು ನಮ್ಮ ಗಡಿಯದೇ. ಸಾಲಜಾರನ ಆಳಿಕೆಯಲ್ಲಿ ಗೋವೆಯ ಪತ್ರಿಕೆಗಳ ಮೇಲೆ ಕಟ್ಟುನಿಟ್ಟಾದ ಪರಿಶೀಲನೆಯಿತ್ತು. ಆಗ ವಾಮನ ಸರದೇಸಾಯಿ, ಲಿಬಿಯಾ ಲೋಬೊ ಎಂಬ ಇಬ್ಬರು ತರುಣರು ೧೯೫೫ರ ನವೆಂಬರ್ ೨೫ರಂದು ಗುಪ್ತ ಬಾನುಲಿಯೊಂದನ್ನು ಆರಂಭಿಸಿದರು. ಮೊದಲು ಆಂಬೋಲಿಯ ಕಾಡು, ಆಮೇಲೆ ಉತ್ತರ ಕನ್ನಡದ ಕ್ಯಾಸಲ್‌ರಾಕ್. ಅಲ್ಲಿಂದ ಕೊಂಕಣಿಯಲ್ಲಿಯೂ ಪೋರ್ತುಗೀಜಿನಲ್ಲಿಯೂ ಆರು ವರ್ಷ ಸುದ್ದಿ ಹರಿಯಿತು. ೧೯೬೧ರ ಡಿಸೆಂಬರ್ ೧೯ರಂದು ಗೋವೆ ಬಿಡುಗಡೆಯಾದಾಗ ಇವರಿಬ್ಬರೂ ವಿಮಾನವೇರಿ ಆ ಸುದ್ದಿಯನ್ನು ಆಕಾಶದಿಂದಲೇ ಸಾರಿದರು. ಲಿಬಿಯಾ ಅವರಿಗೆ ೨೦೨೫ರಲ್ಲಿ, ನೂರು ವರ್ಷ ದಾಟಿದ ಮೇಲೆ, ಪದ್ಮಶ್ರೀ ಸಂದಿತು. ಕಾಲೇಜಿನ ನೆರಳಿನಲ್ಲಿದ್ದ ಅಚ್ಚುಕೂಟವು ಮಾಡದ ಕೆಲಸವನ್ನು ಕಾಡಿನ ಬಾನುಲಿ ಮಾಡಿತು. ಏಕೆಂದರೆ ಅದು ಕೇಳುವವರ ಮನೆಮಾತಿನಲ್ಲಿ, ಅವರಿಗೆ ಬೇಕಾದುದನ್ನು ಹೇಳಿತು.

ಈ ವಿದ್ಯೆ ಇಂದು ಹೊಸತೇನಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೫೧ರಲ್ಲಿಯೇ ಪತ್ರಿಕೋದ್ಯಮದ ಪಾಠ ಆರಂಭವಾಗಿ, ನಾಡಿಗ ಕೃಷ್ಣಮೂರ್ತಿಯವರು ಅದನ್ನು ಬೆಳೆಸಿದರು. ಗೋವೆಯ ಕಾಲೇಜುಗಳಲ್ಲಿಯೂ ಈಗ ಸಮೂಹ ಸಂವಹನವನ್ನು ಕಲಿಸುತ್ತಾರೆ. ಹುಡುಗರು ಕ್ಯಾಮೆರ ಹಿಡಿಯುವುದನ್ನೂ ಗಣಕಯಂತ್ರದ ಕೆಲಸವನ್ನೂ ಕಲಿಯಲಿ, ಬೇಡವೆನ್ನೆವು. ಆದರೆ ಯಾರ ಮಾತು ಅಚ್ಚಾಯಿತು, ಯಾರದು ಆಗಲಿಲ್ಲ ಎಂಬುದನ್ನು ಮೊದಲ ಪಾಠವಾಗಿ ಕಲಿಸದಿದ್ದರೆ, ಆ ವಿದ್ಯೆ ಯಂತ್ರ ಮಾತ್ರವಾದೀತು.

ಅಂದು ಆ ಬಾಲೆ ನಮ್ಮೆದುರು ಆಡಿದ ಮಾತೇ ಈ ವಿದ್ಯೆಯ ಮೂಲಪ್ರಶ್ನೆಯಾಗಿತ್ತು. ನಾವು ಅದನ್ನು ಗುರುತಿಸಲಿಲ್ಲ. ಗಡಿಯ ಸಹೋದ್ಯೋಗಿಗಳಲ್ಲಿ ನಮ್ಮ ಅರಿಕೆ ಇಷ್ಟೇ: ಮುಂದೆ ಇಂಥ ಮಗುವೊಂದು ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತರೆ, ನಗುವ ಮೊದಲು ಒಮ್ಮೆ ಕುಳ್ಳಿರಿಸಿ ಕೇಳಿರಿ.