ತಲೆಕೆಳಗಾದರೂ ಹೆಸರು ಅದೇ

‘ವಿಕಟಕವಿ’ ಎಂಬ ಪದವನ್ನು ಹಿಂದಿನಿಂದ ಓದಿದರೂ ವಿಕಟಕವಿಯೇ. ತೆನಾಲಿ ರಾಮಕೃಷ್ಣನ ಕಥೆಗಳ ಮೂಲಕ ಈ ಚಮತ್ಕಾರ ಎಲ್ಲರಿಗೂ ಪರಿಚಿತ. ಅಲಂಕಾರಶಾಸ್ತ್ರದಲ್ಲಿ ಇಂಥ ರಚನೆಗೆ ‘ಗತಪ್ರತ್ಯಾಗತ’ ಎಂಬ ಹೆಸರೂ ಇದೆ. ಆದರೆ ಇದು ಅಕ್ಷರಗಳ ಕ್ರಮದ ಆಟ ಮಾತ್ರ. ಬರೆದ ಹಾಳೆಯನ್ನೇ ತಲೆಕೆಳಗು ಹಿಡಿದರೆ ವಿಕಟಕವಿಯನ್ನು ಓದಲು ಬರುವುದಿಲ್ಲ. ಹಾಳೆ ತಿರುಗಿಸಿದರೂ ಪದ ಓದಿಸಿಕೊಳ್ಳುವಂತೆ ಅಕ್ಷರಗಳ ಆಕಾರವನ್ನೇ ಹೊಂದಿಸುವ ಕಲೆಗೆ ‘ಆಂಬಿಗ್ರಾಂ’ ಎನ್ನುತ್ತಾರೆ.

ಈ ಹೆಸರು ಹುಟ್ಟಿದ್ದು 1980ರ ದಶಕದಲ್ಲಿ, ಅಮೆರಿಕದ ಲೇಖಕ ಡಗ್ಲಸ್ ಹಾಫ್‌ಸ್ಟಾಡ್ಟರ್ ಮತ್ತು ಅವರ ಗೆಳೆಯರ ಬಳಗದಲ್ಲಿ. ಕಲೆ ಮಾತ್ರ ಅದಕ್ಕಿಂತ ಹಳೆಯದು. ಚಿತ್ರಕಾರ ಪೀಟರ್ ನ್ಯೂಯೆಲ್ 1893ರಲ್ಲಿ ಮಕ್ಕಳಿಗಾಗಿ ತಂದ ಪುಸ್ತಕದ ಕೊನೆಯ ಪುಟದಲ್ಲಿ ‘ದಿ ಎಂಡ್’ ಎಂದು ಬರೆದಿದ್ದರು. ಪುಸ್ತಕವನ್ನು ತಿರುಗಿಸಿದರೆ ಅದೇ ಬರಹ ‘ಪಝಲ್’ ಎಂದು ಕಾಣುತ್ತಿತ್ತು.

ಮಕ್ಕಳ ಈ ವಿನೋದ ಕ್ರಮೇಣ ವ್ಯಾಪಾರ ಜಗತ್ತಿಗೂ ಬಂತು. ‘ನ್ಯೂ ಮ್ಯಾನ್’ ಎಂಬ ಫ್ರೆಂಚ್ ಉಡುಪು ಸಂಸ್ಥೆಗೆ 1969ರಲ್ಲಿ ಲಾಂಛನ ಬರೆದವರು ಖ್ಯಾತ ವಿನ್ಯಾಸಕಾರ ರೇಮಂಡ್ ಲೋವಿ. ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಈ ಹೆಸರು ಬರೆದು ಹಾಳೆಯನ್ನು ತಿರುಗಿಸಿ ನೋಡಿ. ‘ಡಬ್ಲ್ಯು’ ಇದ್ದಲ್ಲಿ ‘ಎಂ’ ಬರುತ್ತದೆ, ‘ಇ’ ಇದ್ದಲ್ಲಿ ‘ಎ’ಯ ಛಾಯೆ ಕಾಣುತ್ತದೆ. ಲೋವಿ ಮಾಡಿದ್ದು, ಅಕ್ಷರಗಳಲ್ಲಿ ಮೊದಲೇ ಅಡಗಿದ್ದ ಈ ಹೋಲಿಕೆಯನ್ನು ತಿದ್ದಿ ತೀಡಿದ್ದು.

ಈ ಬಗೆಯ ಲಾಂಛನಗಳಲ್ಲಿ ಅತ್ಯಂತ ಹೆಸರಾದದ್ದು ವೃತ್ತಿನಿರತ ಕಲಾವಿದರ ಕೈಯಿಂದ ಬಂದುದಲ್ಲ. ಆಂಡಿ ಬೆಕ್ಟೋಲ್‌ಶೈಮ್, ದೆಹಲಿ ಐಐಟಿಯಲ್ಲಿ ಓದಿದ ವಿನೋದ್ ಖೋಸ್ಲಾ ಮೊದಲಾದವರು 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪ್ಯೂಟರ್ ಸಂಸ್ಥೆ ಆರಂಭಿಸಿದರು. ಹೆಸರಿಗೆ ಸೂರ್ಯನ ಅರ್ಥವಿದ್ದರೂ ಅದರ ಮೂಲ ‘ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್’ನ ಮೊದಲ ಅಕ್ಷರಗಳು. ಲಾಂಛನ ರೂಪಿಸಿದವರು ಅದೇ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕ ವಾನ್ ಪ್ರ್ಯಾಟ್. ದೀರ್ಘ ಬರಹದಲ್ಲಿ ಬೇಕಾದ ಪದವನ್ನು ಬೇಗ ಹುಡುಕುವ ವಿಧಾನವೊಂದನ್ನು ರೂಪಿಸಿದ ಮೂವರಲ್ಲಿ ಅವರೂ ಒಬ್ಬರು.

ಪ್ರ್ಯಾಟ್ ಗಮನಿಸಿದ ಸಂಗತಿ ಸರಳ. ಇಂಗ್ಲಿಷಿನ ‘ಯು’ ತಲೆಕೆಳಗಾದರೆ ‘ಎನ್’. ಇವೆರಡನ್ನೂ ಪಕ್ಕಪಕ್ಕ ಬರೆದು ಕಾಲು ಸುತ್ತು ತಿರುಗಿಸಿದರೆ, ಬಾಗುಗಳು ಒಂದರ ಮೇಲೊಂದು ನಿಂತು ‘ಎಸ್’ ಆಗುತ್ತದೆ. ಇಂಥ 4 ಜೋಡಿಗಳನ್ನು ಅವರು ಚೌಕವಾಗಿ ಹೊಂದಿಸಿದರು. ಒಂದು ಬದಿಗೆ ‘ಯು-ಎನ್’ ಆಗಿರುವ ಜೋಡಿ ಪಕ್ಕದ ಬದಿಗೆ ‘ಎಸ್’ ಆಗುತ್ತದೆ. ಹೀಗೆ ಕೇವಲ 8 ಬಾಗುಗಳಲ್ಲಿ 12 ಅಕ್ಷರಗಳು. ನಾಲ್ಕು ದಿಕ್ಕಿನಿಂದ ಓದಿದರೂ ‘ಸನ್’. ಮೊದಲು ನೇರ ಚೌಕವಾಗಿದ್ದ ಲಾಂಛನವನ್ನು ಆಮೇಲೆ ಮೂಲೆಯ ಮೇಲೆ ನಿಲ್ಲಿಸಲಾಯಿತು.

ಎಲ್ಲ ಹೆಸರಿಗೂ ಈ ಭಾಗ್ಯವಿಲ್ಲ. ಕನ್ನಡವನ್ನೇ ನೋಡಿ. ನಮ್ಮ ಹಲವು ಅಕ್ಷರಗಳಿಗೆ ಮೇಲೆ ತಲೆಕಟ್ಟು, ಕೆಳಗೆ ಒತ್ತು. ತಿರುಗಿಸಿದರೆ ತಲೆಕಟ್ಟು ಬುಡಕ್ಕೆ ಬರುತ್ತದೆ, ಒತ್ತು ನೆತ್ತಿಗೇರುತ್ತದೆ. ಬಲವಂತವಾಗಿ ಹೊಂದಿಸಲು ಹೋದರೆ ಯಾವ ಬದಿಯಿಂದಲೂ ಓದಲಾಗದ ಚಿತ್ತಾರವಷ್ಟೇ ಉಳಿದೀತು. ಗಿರಾಕಿಗೆ ಹೆಸರು ತಿಳಿಸಬೇಕಾದ ಲಾಂಛನ ಹೆಸರನ್ನೇ ಮರೆಮಾಡಿದರೆ ಪ್ರಯೋಜನವೇನು? ಅಂಗಡಿಯ ಫಲಕವನ್ನು ಯಾರೂ ತಲೆಕೆಳಗಾಗಿ ನಿಂತು ಓದುವುದಿಲ್ಲ. ನೇರವಾಗಿ ನೋಡಿದವರಿಗೂ ಥಟ್ಟನೆ ಹೆಸರು ಹೊಳೆದರೆ ಮಾತ್ರ ಈ ಜಾಣ್ಮೆ ಸಾರ್ಥಕ. ‘ಸನ್’ ಲಾಂಛನ ಗೆದ್ದದ್ದು ಇಲ್ಲಿ.

ಸಂಸ್ಥೆಯ ಭಾಗ್ಯ ಅಷ್ಟು ದಿನ ನಿಲ್ಲಲಿಲ್ಲ. ‘ಜಾವಾ’ ಎಂಬ ಕಂಪ್ಯೂಟರ್ ಭಾಷೆಯನ್ನು 1995ರಲ್ಲಿ ಜಗತ್ತಿಗೆ ಕೊಟ್ಟ ಸನ್, 2010ರಲ್ಲಿ ಒರಾಕಲ್ ಪಾಲಾಯಿತು. ಮೆನ್ಲೊ ಪಾರ್ಕ್‌ನಲ್ಲಿದ್ದ ಅದರ ಆವರಣಕ್ಕೆ 2011ರಲ್ಲಿ ಫೇಸ್‌ಬುಕ್ ಬಂತು. ಹೊಸಬರು ದ್ವಾರದ ಹಳೆಯ ಫಲಕವನ್ನು ಕಿತ್ತೆಸೆಯಲಿಲ್ಲ. ಅದನ್ನೇ ಹಿಂದುಮುಂದು ಮಾಡಿ ತಮ್ಮ ಚಿಹ್ನೆ ಹಾಕಿಕೊಂಡರು. ನಾಲ್ಕು ದಿಕ್ಕಿಗೂ ಹೆಸರು ಹೇಳುತ್ತಿದ್ದ ‘ಸನ್’ ಹೀಗೆ ಫಲಕದ ಬೆನ್ನಿಗೆ ಸರಿಯಿತು.